ನಾಲಿಗೆಯ ತುದಿಯಲ್ಲಿ ನಿಂತ ಪದ

ಅಹಮದಾಬಾದಿನ ಮಣಿನಗರವಿರಲಿ, ವಡೋದರದ ಅಲಕಾಪುರಿಯಿರಲಿ, ಸೂರತ್ತಿನ ಅಡಾಜಣವಿರಲಿ, ನಮ್ಮ ಕನ್ನಡ ಮನೆಗಳ ಅಡುಗೆಮನೆಯಲ್ಲಿ ಒಂದು ಸಣ್ಣ ಪ್ರಸಂಗ ಪದೇ ಪದೇ ನಡೆಯುತ್ತಿರುತ್ತದೆ. ಚಪಾತಿಯ ಹಿಟ್ಟು ಕಲಸಿಟ್ಟ ತಾಯಿ ಮಗಳಿಗೆ ‘ಇಲ್ಲೆ ಕೊಡವಾ ಅದನ್ನ... ಅದು... ಏನದು...’ ಎನ್ನುತ್ತಾರೆ. ಎರಡೂ ಕೈಗಳನ್ನು ಗಾಳಿಯಲ್ಲಿ ಹಿಂದೆ ಮುಂದೆ ಆಡಿಸಿ ತೋರಿಸುತ್ತಾರೆ. ಕೊನೆಗೆ ಸೋತು ‘ವೇಲಣ ಕೊಡು’ ಎಂದುಬಿಡುತ್ತಾರೆ. ‘ಲಟ್ಟಣಿಗೆ’ ಎಂಬ ಪದವು ಊಟ ಮುಗಿದು ಪಾತ್ರೆ ತೊಳೆಯುವ ಹೊತ್ತಿಗೆ, ಯಾರೂ ಕರೆಯದಿದ್ದರೂ, ತಾನಾಗಿಯೇ ಬಂದು ನಿಲ್ಲುತ್ತದೆ.

ಇದು ನಗುವ ವಿಷಯವೆಂದು ನಾವು ಬಿಟ್ಟುಬಿಡುತ್ತೇವೆ. ಆದರೆ ಅರವತ್ತು ದಾಟಿದವರ ಮನಸ್ಸಿನಲ್ಲಿ ಆಗ ಎರಡು ಆತಂಕಗಳು ಸುಳಿದುಹೋಗುತ್ತವೆ. ಮೊದಲನೆಯದು, ಕನ್ನಡ ನಮ್ಮಿಂದ ಜಾರಿಹೋಗುತ್ತಿದೆಯೇ ಎಂಬುದು. ಎರಡನೆಯದು, ಬಾಯಿಬಿಟ್ಟು ಹೇಳದ್ದು, ಇದು ಮರೆವಿನ ಕಾಯಿಲೆಯ ಆರಂಭವೇ ಎಂಬುದು. ಈ ಎರಡಕ್ಕೂ ಉತ್ತರ ಹುಡುಕಬೇಕಾದರೆ, ಮಾತನಾಡುವಾಗ ಮನಸ್ಸು ಪದವನ್ನು ಹೇಗೆ ಹೊರತರುತ್ತದೆ ಎಂಬುದನ್ನು ಮೊದಲು ತಿಳಿಯಬೇಕಾಗುತ್ತದೆ.

ಮನಸ್ಸಿನೊಳಗಿನ ನಿಘಂಟು

ನಾವಿರುವ ವಡೋದರದಲ್ಲೇ 1931ರಲ್ಲಿ, ಮಹಾರಾಜ ಸಯಾಜಿರಾವ್ ಗಾಯಕವಾಡರ ಆಳ್ವಿಕೆಯಲ್ಲಿ, ‘ಶ್ರೀ ಸಯಾಜಿ ಶಾಸನ ಶಬ್ದ ಕಲ್ಪತರು’ ಎಂಬ ಆಡಳಿತ ಪದಕೋಶ ಪ್ರಕಟವಾಯಿತು. ಇಂಗ್ಲಿಷ್, ಗುಜರಾತಿ, ಮರಾಠಿ, ಸಂಸ್ಕೃತ, ಉರ್ದು, ಪಾರಸಿ, ಹಿಂದಿ, ಬಂಗಾಳಿ ಎಂಬ ಎಂಟು ಭಾಷೆಗಳ ಪದಗಳು ಅದರಲ್ಲಿ ಸಾಲುಸಾಲಾಗಿ ಎದುರುಬದುರಾಗಿ ನಿಂತಿವೆ. (ಕನ್ನಡಕ್ಕೆ ಅಲ್ಲಿ ಸ್ಥಳವಿಲ್ಲ, ಆಗ ಬರೋಡಾ ಸಂಸ್ಥಾನಕ್ಕೆ ಅದರ ಅಗತ್ಯ ತೋರಿರಲಾರದು.) ಬಹುಭಾಷಿಕರ ತಲೆಯಲ್ಲಿಯೂ ಇಂಥದೇ ಕೋಶವೊಂದಿದೆ, ಬೇಕಾದ ಭಾಷೆಯ ಕಂಬಸಾಲನ್ನು ನೋಡಿ ನಾವು ಪದವನ್ನು ಓದಿ ಹೇಳುತ್ತೇವೆ ಎಂದು ಊಹಿಸಿಕೊಳ್ಳುವುದು ಸಹಜ. ಆದರೆ ಮನಸ್ಸಿನ ಕೆಲಸ ಹಾಗೆ ನಡೆಯುವುದಿಲ್ಲ.

ವಯಸ್ಕರೊಬ್ಬರಿಗೆ ತಿಳಿದಿರುವ ಪದಗಳು ಹತ್ತಾರು ಸಾವಿರ. ಸಾಮಾನ್ಯ ಸಂಭಾಷಣೆಯಲ್ಲಿ ನಾವು ಸೆಕೆಂಡಿಗೆ ಎರಡು ಮೂರು ಪದಗಳನ್ನು ಆಡುತ್ತೇವೆ. ಆಯ್ಕೆ ತಪ್ಪುವುದು ಸಾವಿರಕ್ಕೊಂದು ಪದದಲ್ಲಿ ಎಂದು ಅಂದಾಜಿದೆ. ನೆದರ್ಲೆಂಡ್ಸ್‌ನ ನೈಮೇಖೆನ್ ನಗರದ ಮ್ಯಾಕ್ಸ್ ಪ್ಲಾಂಕ್ ಮನೋಭಾಷಾವಿಜ್ಞಾನ ಸಂಸ್ಥೆಯ ವಿಲ್ಲೆಮ್ ಲೆವೆಲ್ಟ್ ಮತ್ತು ಅವರ ಸಹೋದ್ಯೋಗಿಗಳು ಈ ಕಾರ್ಯವನ್ನು ಹಂತಗಳಾಗಿ ಬಿಡಿಸಿ ತೋರಿಸಿದರು. ಚಿತ್ರವೊಂದನ್ನು ನೋಡಿ ಅದರ ಹೆಸರು ಹೇಳಲಾರಂಭಿಸಲು ನಮಗೆ ಸುಮಾರು 0.6 ಸೆಕೆಂಡು ಹಿಡಿಯುತ್ತದೆ. ಅಷ್ಟರೊಳಗೆ ಮೊದಲು ವಸ್ತುವಿನ ಅರಿವು ಮೂಡುತ್ತದೆ. ಆಮೇಲೆ ಆ ಅರ್ಥಕ್ಕೆ ತಕ್ಕ ಪದ ಆಯ್ಕೆಯಾಗುತ್ತದೆ. ಈ ಹಂತದಲ್ಲಿ ಪದಕ್ಕೆ ಅರ್ಥವಿದೆ, ವ್ಯಾಕರಣವಿದೆ, ಆದರೆ ಇನ್ನೂ ಧ್ವನಿಯಿಲ್ಲ. ಅದರ ಬಳಿಕವಷ್ಟೇ ಧ್ವನಿರೂಪ ದೊರೆತು, ಅಕ್ಷರಗಳು ಜೋಡಣೆಗೊಂಡು, ನಾಲಿಗೆ ತುಟಿಗಳಿಗೆ ಆಜ್ಞೆ ಹೋಗುತ್ತದೆ.

ಈ ಹಂತಗಳು ಬೇರೆಬೇರೆ ಎಂಬುದಕ್ಕೆ ನಮ್ಮ ಬಾಯಿತಪ್ಪುಗಳೇ ಸಾಕ್ಷಿ. 1970ರ ದಶಕದಲ್ಲಿ ಅಮೆರಿಕದ ವಿಕ್ಟೋರಿಯಾ ಫ್ರಾಮ್‌ಕಿನ್ ಮತ್ತು ಮೆರಿಲ್ ಗ್ಯಾರೆಟ್ ಅವರು ಇಂಥ ತಪ್ಪುಗಳನ್ನು ಸಂಗ್ರಹಿಸಿ ಪರಿಶೀಲಿಸಿದಾಗ, ಸ್ಥಾನ ಬದಲಿಸಿಕೊಳ್ಳುವ ಪದಗಳು ಸಾಮಾನ್ಯವಾಗಿ ಒಂದೇ ಜಾತಿಯವು, ನಾಮಪದ ನಾಮಪದದೊಡನೆ ಎಂಬುದು ಕಂಡುಬಂತು. ಪ್ರತ್ಯಯಗಳು ಮಾತ್ರ ಇದ್ದ ಜಾಗದಲ್ಲೇ ಉಳಿಯುತ್ತಿದ್ದವು. ‘ಸಕ್ಕರೆಯನ್ನು ಡಬ್ಬಿಗೆ ಹಾಕು’ ಎನ್ನಬೇಕಾದವರು ಅವಸರದಲ್ಲಿ ‘ಡಬ್ಬಿಯನ್ನು ಸಕ್ಕರೆಗೆ ಹಾಕು’ ಎಂದುಬಿಡುತ್ತಾರಲ್ಲ, ಅಲ್ಲಿ ನಡೆಯುವುದು ಇದೇ. ಪದಗಳು ಅದಲುಬದಲಾದರೂ ದ್ವಿತೀಯೆಯ ‘ಅನ್ನು’ ಮತ್ತು ಚತುರ್ಥಿಯ ‘ಗೆ’ ಕದಲುವುದಿಲ್ಲ. ವಾಕ್ಯದ ಚೌಕಟ್ಟು ಒಂದು ಕೈಯ ಕೆಲಸ, ಪದಗಳನ್ನು ತಂದು ತುಂಬುವುದು ಇನ್ನೊಂದು ಕೈಯ ಕೆಲಸ ಎಂಬಂತಿದೆ.

ಅರ್ಧ ಬಂದ ಪದ

ಪದವು ಆಯ್ಕೆಯಾಗಿ, ಧ್ವನಿರೂಪ ಮಾತ್ರ ದೊರೆಯದೆ ನಿಂತ ಸ್ಥಿತಿಯೇ ‘ನಾಲಿಗೆಯ ತುದಿಯಲ್ಲಿದೆ’ ಎಂದು ನಾವು ಹೇಳುವ ಸ್ಥಿತಿ. 1999ರಲ್ಲಿ ಬೆನೆಟ್ ಶ್ವಾರ್ಟ್ಜ್ ಎಂಬ ಮನಶ್ಶಾಸ್ತ್ರಜ್ಞರು 51 ಭಾಷೆಗಳನ್ನು ವಿಚಾರಿಸಿ, 45ರಲ್ಲಿ ಈ ಅನುಭವಕ್ಕೆ ನಾಲಿಗೆಯನ್ನೇ ಹೆಸರಿಸುವ ನುಡಿಗಟ್ಟು ಇರುವುದನ್ನು ಕಂಡರು. ಗುಜರಾತಿಯಲ್ಲಿ ‘ಜೀಭನಾ ಟೇರವೇ’ ಎಂಬ ಮಾತಿದೆ. ಅದಕ್ಕಿಂತ ಸೊಗಸಾಗಿ, ಹೃದಯದಲ್ಲಿದೆ ಆದರೆ ತುಟಿಗೆ ಬಾರದು ಎಂಬರ್ಥದ ‘ಹೈಯೇ ಛೇ ಪಣ ಹೋಠೇ ನಥೀ’ ಎಂಬುದೂ ಇದೆ. ನಮಗಂತೂ ಈ ಎರಡನೆಯದೇ ಹೆಚ್ಚು ನಿಖರವೆನಿಸುತ್ತದೆ.

ವಿಲಿಯಂ ಜೇಮ್ಸ್ 1890ರಲ್ಲೇ ಇದನ್ನು ವರ್ಣಿಸಿ, ಮರೆತ ಹೆಸರಿನ ಜಾಗ ಬರಿದಾಗಿದ್ದರೂ ಅದು ಸುಮ್ಮನಿರುವ ಬರಿದಲ್ಲ, ತಪ್ಪು ಹೆಸರು ಬಂದರೆ ತಳ್ಳಿಹಾಕುತ್ತದೆ ಎಂಬ ಅಂಶವನ್ನು ಗುರುತಿಸಿದ್ದರು. 1966ರಲ್ಲಿ ಹಾರ್ವರ್ಡ್‌ನ ರೋಜರ್ ಬ್ರೌನ್ ಮತ್ತು ಡೇವಿಡ್ ಮೆಕ್‌ನೀಲ್ ಇದನ್ನು ಪ್ರಯೋಗಕ್ಕೆ ತಂದರು. ವಿದ್ಯಾರ್ಥಿಗಳಿಗೆ ಅಪರೂಪದ ಪದಗಳ ಅರ್ಥವನ್ನು ಓದಿ ಹೇಳಿ, ಪದವನ್ನು ಹೇಳುವಂತೆ ಕೇಳಿದರು. ಪದ ಬಾರದೆ ತಡವರಿಸಿದವರು ಸಹ ಅದರ ಮೊದಲ ಅಕ್ಷರವನ್ನೂ, ಎಷ್ಟು ಉಚ್ಚಾರಾಂಶಗಳಿವೆ ಎಂಬುದನ್ನೂ ಎಷ್ಟೋ ಸಲ ಸರಿಯಾಗಿ ಹೇಳಿದರು. ‘ನಾಲ್ಕಕ್ಷರದ್ದು, ಲಕಾರದಿಂದ ಶುರು’ ಎಂದು ನಮ್ಮ ಹಿರಿಯರು ಹಣೆ ಒತ್ತಿಕೊಳ್ಳುವುದು ಊಹೆಯ ಆಟವಲ್ಲ. ಪದದ ತುಂಡೊಂದು ನಿಜವಾಗಿಯೂ ಅವರ ಕೈಗೆ ಸಿಕ್ಕಿರುತ್ತದೆ.

1997ರಲ್ಲಿ ಇಟಲಿಯನ್ ಭಾಷಿಕರ ಮೇಲೆ ನಡೆದ ಅಧ್ಯಯನವು ಇನ್ನೂ ಸ್ವಾರಸ್ಯಕರ. ಪದದ ಧ್ವನಿ ನೆನಪಿಗೆ ಬಾರದವರೂ ಅದು ಪುಲ್ಲಿಂಗವೋ ಸ್ತ್ರೀಲಿಂಗವೋ ಎಂಬುದನ್ನು ಬಹುಮಟ್ಟಿಗೆ ಸರಿಯಾಗಿ ಹೇಳಬಲ್ಲವರಾಗಿದ್ದರು. ಕನ್ನಡದಲ್ಲಿ ಲಿಂಗ ಅರ್ಥವನ್ನೇ ಅನುಸರಿಸುವುದರಿಂದ ಲಟ್ಟಣಿಗೆಗೂ ಸೌಟಿಗೂ ಈ ತೊಡಕಿಲ್ಲ. ಗುಜರಾತಿಯಲ್ಲಾದರೋ ರೋಟಲೋ ಪುಲ್ಲಿಂಗ, ರೋಟಲೀ ಸ್ತ್ರೀಲಿಂಗ, ಘರ ನಪುಂಸಕ. ಇಲ್ಲೇ ಹುಟ್ಟಿ ಬೆಳೆದ ನಮ್ಮ ಮಕ್ಕಳು ಯಾವ ಶ್ರಮವೂ ಇಲ್ಲದೆ ಲಿಂಗ ಹಚ್ಚಿ ಮಾತನಾಡುವಾಗ, ಮೂವತ್ತು ವರ್ಷ ಇಲ್ಲಿ ಕಳೆದ ನಾವು ಇನ್ನೂ ಎಡವುತ್ತೇವೆ. ಮಕ್ಕಳಿಗೆ ಲಿಂಗವು ಪದದೊಡನೆಯೇ ಬಂದಿದೆ. ನಾವು ಅದನ್ನು ಆಮೇಲೆ ಹಚ್ಚುತ್ತಿದ್ದೇವೆ.

ಎರಡು ಭಾಷೆಗಳೂ ಎಚ್ಚರವಾಗಿರುತ್ತವೆ

ಕನ್ನಡ ಮಾತನಾಡುವಾಗ ಗುಜರಾತಿ ನಿದ್ರಿಸುತ್ತಿರುತ್ತದೆ ಎಂದು ತಿಳಿದಿದ್ದರೆ ಅದು ತಪ್ಪು. 1999ರಲ್ಲಿ ವಿಯೋರಿಕಾ ಮರಿಯನ್ ಮತ್ತು ಮೈಕೆಲ್ ಸ್ಪೈವಿ ಅವರು ರಷ್ಯನ್ ಮತ್ತು ಇಂಗ್ಲಿಷ್ ಎರಡನ್ನೂ ಬಲ್ಲವರ ಕಣ್ಣಿನ ಚಲನೆಯನ್ನು ಅಳೆದರು. ಅಂಚೆಚೀಟಿಯನ್ನು ಎತ್ತಿಕೊಳ್ಳಿ ಎಂದು ರಷ್ಯನ್ನಿನಲ್ಲಿ ಹೇಳಿದಾಗ, ಅಂಚೆಚೀಟಿಗೆ ಆ ಭಾಷೆಯಲ್ಲಿ ‘ಮಾರ್ಕಾ’ ಎನ್ನುವುದರಿಂದ, ಅವರ ಕಣ್ಣು ಕ್ಷಣಕಾಲ ಪಕ್ಕದಲ್ಲಿದ್ದ ಮಾರ್ಕರ್ ಪೆನ್ನಿನ ಕಡೆಗೆ ಹೊರಳುತ್ತಿತ್ತು. ನಮ್ಮಲ್ಲಿ ಇಂಥ ಜೋಡಿಗಳಿಗೆ ಕೊರತೆಯೇ? ಕನ್ನಡದ ‘ಮನೆ’ ಗುಜರಾತಿ ಕಿವಿಗೆ ‘ನನಗೆ’. ನಮ್ಮ ‘ಬಾ’ ಎಂಬ ಕರೆ ಅವರಿಗೆ ‘ತಾಯಿ’. ಎಲ್ಲಕ್ಕಿಂತ ವಿಚಿತ್ರವೆಂದರೆ, ಅವರ ‘ನಾ’ ಎಂದರೆ ಇಲ್ಲ, ನಮಗೆ ಅದು ನಾನು. ಅವರ ‘ಹೂಂ’ ಎಂದರೆ ನಾನು, ನಮಗೆ ಅದು ಹೌದು. ಹೊಸದಾಗಿ ಬಂದ ಸೊಸೆಯರು ಮೊದಲ ವರ್ಷದಲ್ಲಿ ಈ ನಾ-ಹೂಂಗಳ ನಡುವೆ ಪಟ್ಟ ಪಾಡನ್ನು ನಮ್ಮ ಮನೆಮನೆಯಲ್ಲೂ ಕೇಳಬಹುದು.

ಎರಡೂ ಎಚ್ಚರವಾಗಿರುವುದರಿಂದ, ಒಂದನ್ನು ಆಡಬೇಕಾದರೆ ಇನ್ನೊಂದನ್ನು ಹಿಡಿದು ನಿಲ್ಲಿಸಬೇಕಾಗುತ್ತದೆ ಎಂಬುದು ಡೇವಿಡ್ ಗ್ರೀನ್ 1998ರಲ್ಲಿ ವಿಸ್ತರಿಸಿ ಮಂಡಿಸಿದ ವಾದ. ಅದರ ಮರುವರ್ಷ ರೆನಾಟಾ ಮೇಟರ್ ಮತ್ತು ಆಲನ್ ಆಲ್ಪೋರ್ಟ್ ಪ್ರಕಟಿಸಿದ ಪ್ರಯೋಗದಲ್ಲಿ, ದುರ್ಬಲ ಭಾಷೆಯಿಂದ ಬಲವಾದ ಭಾಷೆಗೆ ಹೊರಳುವಾಗಲೇ ಹೆಚ್ಚು ತಡವಾಗುತ್ತಿತ್ತು. ಓದಲು ವಿಪರೀತವೆನಿಸುತ್ತದೆ. ಆದರೆ ಬಲವಾದ ಭಾಷೆಯನ್ನು ತಡೆಯಲು ಹೆಚ್ಚು ಬಿಗಿ ಬೇಕು. ಆ ಬಿಗಿ ಸಡಿಲಲು ಹೊತ್ತು ಹಿಡಿಯುತ್ತದೆ. ದಿನವೆಲ್ಲ ಕಚೇರಿಯಲ್ಲಿ ಗುಜರಾತಿ, ಹಿಂದಿ ಆಡಿ ಸಂಜೆ ಮನೆಗೆ ಬಂದವರ ಕನ್ನಡ ಮೊದಲು ಸ್ವಲ್ಪ ಹೊತ್ತು ಕುಂಟುವುದಕ್ಕೆ ಇದು ಒಂದು ಕಾರಣವಿರಬಹುದು.

ಅಮೆರಿಕದ ತಮಾರ್ ಗೋಲನ್ ಮತ್ತು ಸಂಗಡಿಗರು 2000ದ ನಂತರ ನಡೆಸಿದ ಅಧ್ಯಯನಗಳಲ್ಲಿ, ಒಂದೇ ಭಾಷೆ ಬಲ್ಲವರಿಗಿಂತ ದ್ವಿಭಾಷಿಕರಿಗೆ ಪದ ನಾಲಿಗೆಯ ತುದಿಯಲ್ಲಿ ನಿಲ್ಲುವುದು ಹೆಚ್ಚು ಎಂಬುದು ದೃಢವಾಯಿತು. ಇದು ಬುದ್ಧಿಯ ಕೊರತೆಯಲ್ಲ. ಮಾತಿನ ಒಟ್ಟು ಸಮಯವನ್ನು ಎರಡು ಭಾಷೆಗಳು ಹಂಚಿಕೊಂಡಾಗ ಪ್ರತಿಯೊಂದು ಪದವೂ ಬಳಕೆಗೆ ಬರುವ ಸಲ ಕಡಿಮೆಯಾಗುತ್ತದೆ. ಅರ್ಥದಿಂದ ಧ್ವನಿಗೆ ಇರುವ ಕಾಲುದಾರಿಯಲ್ಲಿ ಹುಲ್ಲು ಬೆಳೆಯುತ್ತದೆ. ಇದೇ ತಂಡವು 2005ರಲ್ಲಿ ಕಂಡುಕೊಂಡ ಇನ್ನೊಂದು ಸಂಗತಿ ಈ ವಿವರಣೆಗೆ ಬಲ ಕೊಡುತ್ತದೆ. ವ್ಯಕ್ತಿನಾಮಗಳ ವಿಷಯದಲ್ಲಿ ದ್ವಿಭಾಷಿಕರು ಇತರರಿಗಿಂತ ಹೆಚ್ಚು ತಡವರಿಸುವುದಿಲ್ಲ. ಹೆಸರು ಎರಡೂ ಭಾಷೆಗಳಲ್ಲಿ ಒಂದೇ ಅಲ್ಲವೇ! ಬೆಂಡೆಕಾಯಿಗೆ ಭೀಂಡಾ, ಇಂಗಿಗೆ ಹಿಂಗ, ಕೊತ್ತಂಬರಿಗೆ ಕೋಥಮೀರ ಎನ್ನುವಂಥ ಹತ್ತಿರದ ಪದಗಳಲ್ಲಿಯೂ ಇದೇ ಅನುಕೂಲ ಸ್ವಲ್ಪಮಟ್ಟಿಗೆ ಸಿಗುತ್ತದೆ. ಧಾರವಾಡ, ಬೆಳಗಾವಿ ಕಡೆಯವರ ಬಟಾಟಿಗೂ ಇಲ್ಲಿನ ಬಟಾಕಾಗೂ ಹೆಚ್ಚು ದೂರವಿಲ್ಲ. ಬದನೆಕಾಯಿಗೆ ರೀಂಗಣ, ಸಾಸಿವೆಗೆ ರಾಯಿ, ಇಕ್ಕಳಕ್ಕೆ ಸಾಣಸೀ ಎನ್ನುವಲ್ಲಿ ಒಂದರಿಂದ ಇನ್ನೊಂದಕ್ಕೆ ಯಾವ ಆಸರೆಯೂ ಇಲ್ಲ.

ಹಾಗಾದರೆ ಹುಲ್ಲು ಬೆಳೆದ ದಾರಿ ಮುಚ್ಚಿಯೇ ಹೋಗುತ್ತದೆಯೇ? 2009ರಲ್ಲಿ ಪ್ರಕಟವಾದ ಲಿಂಕ್, ಕ್ರೋಲ್, ಸಂಡರ್ಮನ್ ಅವರ ಅಧ್ಯಯನ ಇಲ್ಲಿ ಸಮಾಧಾನ ಕೊಡುತ್ತದೆ. ಸ್ಪೇನ್ ದೇಶದಲ್ಲಿದ್ದು ಸ್ಪ್ಯಾನಿಷ್ ಕಲಿಯುತ್ತಿದ್ದ ಅಮೆರಿಕದ ವಿದ್ಯಾರ್ಥಿಗಳು, ತಮ್ಮ ಊರಿನ ತರಗತಿಯಲ್ಲೇ ಅದನ್ನು ಕಲಿತವರಿಗಿಂತ ಕಡಿಮೆ ಇಂಗ್ಲಿಷ್ ಪದಗಳನ್ನು ನೆನಪಿಸಿಕೊಂಡರು. ಇಂಗ್ಲಿಷ್ ಅವರ ತಾಯ್ನುಡಿ ಎಂಬುದನ್ನು ಗಮನಿಸಬೇಕು. ಆದರೆ ಸ್ವದೇಶಕ್ಕೆ ಮರಳಿದ ಕೆಲವು ತಿಂಗಳ ಬಳಿಕ ಅವರಲ್ಲಿ ಕೆಲವರನ್ನು ಮತ್ತೆ ಪರೀಕ್ಷಿಸಿದಾಗ ಆ ಪದಗಳು ಹಿಂದಿರುಗಿದ್ದವು. ಬೇಸಿಗೆ ರಜೆಯಲ್ಲಿ ಹುಬ್ಬಳ್ಳಿಗೆ ಹೋಗಿ ಒಂದು ವಾರವಾಗುತ್ತಲೇ ನಮ್ಮ ಬಾಯಿಗೆ ‘ಕಸಬರಿಗಿ’, ‘ಸವತಿಕಾಯಿ’ಗಳು ತಾವಾಗಿ ಬರುವುದನ್ನು ಅನುಭವಿಸಿದವರಿಗೆ ಇದು ಹೊಸ ಸುದ್ದಿಯೇನೂ ಅಲ್ಲ.

ದಾರಿಯ ಮಧ್ಯದ ಒಂದು ಊರು

ಆ ಊರಿನ ದಾರಿಯಲ್ಲೇ ಈ ವಿಷಯಕ್ಕೆ ಸಂಬಂಧಿಸಿದ, ಭಾಷಾವಿಜ್ಞಾನಿಗಳೆಲ್ಲ ಬಲ್ಲ ಒಂದು ಸ್ಥಳವಿದೆ. ಅಹಮದಾಬಾದ್, ವಡೋದರ, ಸೂರತ್ತಿನ ಮೂಲಕ ಹೋಗುವ ಅಜ್ಮೇರ–ಮೈಸೂರು ರೈಲು ಬೆಳಗಾವಿ ಸೇರುವ ಮುನ್ನ ಮಿರಜ ನಿಲ್ದಾಣದಲ್ಲಿ ನಿಲ್ಲುತ್ತದೆ. ಇದು ಮಹಾರಾಷ್ಟ್ರದ ಸಾಂಗಲಿ ಜಿಲ್ಲೆ. ಇದೇ ಜಿಲ್ಲೆಯ, ಕುಪ್ವಾರ್ ಎಂದು ಪ್ರಬಂಧದಲ್ಲಿ ಹೆಸರಿಸಲಾದ ಗ್ರಾಮದ ಮಾತನ್ನು ಜಾನ್ ಗುಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ 1971ರಲ್ಲಿ ವಿವರಿಸಿದರು. ಅಲ್ಲಿ ಕನ್ನಡ, ಮರಾಠಿ, ಉರ್ದು ಭಾಷಿಕರು ತಲೆಮಾರುಗಳಿಂದ ಒಟ್ಟಿಗೆ ಬಾಳಿ, ದಿನವೂ ಒಂದರಿಂದ ಇನ್ನೊಂದಕ್ಕೆ ಹೊರಳುತ್ತಿದ್ದರು. ಕಾಲಕ್ರಮದಲ್ಲಿ ಮೂರೂ ಭಾಷೆಗಳ ವಾಕ್ಯರಚನೆ ಎಷ್ಟು ಹತ್ತಿರವಾಯಿತೆಂದರೆ, ಒಂದು ವಾಕ್ಯವನ್ನು ಪದಕ್ಕೆ ಪದ, ಪ್ರತ್ಯಯಕ್ಕೆ ಪ್ರತ್ಯಯ ಬದಲಿಸಿ ಇನ್ನೊಂದು ಭಾಷೆಗೆ ತರಬಹುದಾಗಿತ್ತು. ಆದರೆ ಪದಗಳು ಮಾತ್ರ ಬೇರೆಬೇರೆಯಾಗಿಯೇ ಉಳಿದವು. ಮನೆಯ ಮಾತು ಯಾವುದು ಎಂಬ ಗುರುತು ಅಲ್ಲಿ ಪದಗಳಲ್ಲೇ ನಿಂತಿತ್ತು.

ನಮ್ಮಲ್ಲಿ ಚೌಕಟ್ಟು ಅಷ್ಟು ಬೆರೆತಿಲ್ಲ, ಬೆರೆಯುವಷ್ಟು ಕಾಲವೂ ಆಗಿಲ್ಲ. ಆದರೂ ಇಲ್ಲಿನ ‘ಚಾಲಶೇ’ ಎಂಬ ಸರ್ವೋಪಯೋಗಿ ಪದ ಉತ್ತರ ಕರ್ನಾಟಕದವರ ಬಾಯಿಗೆ ಇಷ್ಟು ಬೇಗ ಹತ್ತಿದ್ದೇಕೆ ಎಂಬುದನ್ನು ಯೋಚಿಸಬಹುದು. ‘ನಡೀತದ’ ಎಂದು ಊರಿನಲ್ಲಿ ಹೇಳುತ್ತಿದ್ದುದರ ಪಡಿಯಚ್ಚು ಅದು. ನಡೆಯುವುದೇ ಎರಡೂ ಕಡೆ ಒಪ್ಪಿಗೆಯ ಮಾತಾಗಿದೆ. ಚೌಕಟ್ಟು ಸಿದ್ಧವಿದ್ದಲ್ಲಿ ಪದ ಸುಲಭವಾಗಿ ಬಂದು ಕೂರುತ್ತದೆ.

ಹೆಸರುಗಳು ಮತ್ತು ವಯಸ್ಸು

ಎಲ್ಲಕ್ಕಿಂತ ಹೆಚ್ಚು ಕೈಕೊಡುವುದು ವ್ಯಕ್ತಿಗಳ ಹೆಸರು. 1987ರಲ್ಲಿ ಇಂಗ್ಲೆಂಡಿನಲ್ಲಿ ನಡೆದ ಒಂದು ಪ್ರಯೋಗದಲ್ಲಿ ಅಪರಿಚಿತ ಮುಖಗಳ ಜೊತೆಗೆ ಅವರ ಹೆಸರನ್ನೂ ಉದ್ಯೋಗವನ್ನೂ ಕಲಿಸಲಾಯಿತು. ಅದೇ ಪದ ಉದ್ಯೋಗವಾಗಿದ್ದಾಗ ನೆನಪಿಗೆ ಬಂದಷ್ಟು ಹೆಸರಾಗಿದ್ದಾಗ ಬರಲಿಲ್ಲ. ನಮ್ಮ ಉದಾಹರಣೆಯಲ್ಲಿ ಹೇಳುವುದಾದರೆ, ಒಬ್ಬರು ಬಡಿಗರು ಎಂದು ತಿಳಿದರೆ ಮರ, ಉಳಿ, ಬಾಗಿಲು, ತೊಟ್ಟಿಲು ಎಲ್ಲವೂ ಆ ಪದದ ಕಡೆಗೆ ಕೈತೋರುತ್ತವೆ. ಒಬ್ಬರ ಅಡ್ಡಹೆಸರು ‘ಬಡಿಗೇರ’ ಎಂದಾಗ, ಅಥವಾ ಇಲ್ಲಿನ ನೆರೆಯವರ ಅಡ್ಡಹೆಸರು ‘ಸುಥಾರ’ ಎಂದಾಗ, ಅವರು ಬ್ಯಾಂಕಿನಲ್ಲಿ ಕೆಲಸ ಮಾಡುತ್ತಿರಬಹುದು. ಆ ಪದಕ್ಕೂ ಮುಖಕ್ಕೂ ಇರುವುದು ಒಂದೇ ಒಂದು ಎಳೆ.

1991ರಲ್ಲಿ ಡೆಬೊರಾ ಬರ್ಕ್, ಡೊನಾಲ್ಡ್ ಮೆಕೇ ಮತ್ತಿತರರು ತೋರಿಸಿದಂತೆ, ವಯಸ್ಸಾದಂತೆ ಅರ್ಥದಿಂದ ಧ್ವನಿಗೆ ಹರಿಯುವ ಸಂಪರ್ಕ ದುರ್ಬಲವಾಗುತ್ತದೆ. ಅರ್ಥದ ಭಂಡಾರ ಮಾತ್ರ ಬಹುಕಾಲ ಕೆಡದೆ ಉಳಿಯುತ್ತದೆ. ಅಜ್ಜಿಗೆ ಪದ ಹೊಳೆಯದಿರಬಹುದು, ಆದರೆ ಮೊಮ್ಮಗ ತಪ್ಪು ಪದ ಹೇಳಿದರೆ ಕೂಡಲೇ ‘ಅದಲ್ಲ’ ಎನ್ನುತ್ತಾರೆ. ಆ ‘ಅದಲ್ಲ’ ಎಂಬುದೇ ಪದ ಒಳಗಿದೆ ಎಂಬುದರ ಗುರುತು.

ಹುಡುಕುವವರಿಗೆ ನೆರವು

ಪದ ಸಿಗದಾಗ ಹಟ ಹಿಡಿದು ಹುಡುಕಬೇಕೆಂದು ನಮ್ಮ ಮೇಷ್ಟ್ರುಗಳು ಕಲಿಸಿದ್ದುಂಟು. ಕೆನಡಾದ ಆಮಿ ವಾರಿನರ್ ಮತ್ತು ಕ್ಯಾರಿನ್ ಹಂಫ್ರೀಸ್ 2008ರಲ್ಲಿ ಇದಕ್ಕೆ ವಿರುದ್ಧವಾದುದನ್ನು ಕಂಡರು. ತಡವರಿಕೆಯಲ್ಲಿ 10 ಸೆಕೆಂಡು ಬಿಟ್ಟವರಿಗಿಂತ 30 ಸೆಕೆಂಡು ಬಿಟ್ಟವರು ಎರಡು ದಿನಗಳ ನಂತರ ಅದೇ ಪದದಲ್ಲಿ ಮತ್ತೆ ಸಿಕ್ಕಿಬೀಳುವ ಸಂಭವ ಹೆಚ್ಚಾಗಿತ್ತು. ಎಡವಿದ ದಾರಿಯನ್ನೇ ಮನಸ್ಸು ಕಲಿತುಕೊಳ್ಳುತ್ತದೆ. ಹಂಫ್ರೀಸ್ ತಂಡದ ಮುಂದಿನ ಕೆಲಸದಲ್ಲಿ, ಪದವನ್ನು ತಾವೇ ಕಂಡುಕೊಂಡವರಿಗೆ ಲಾಭವಾದುದೂ ತಿಳಿದುಬಂತು. ಆದ್ದರಿಂದ ಹಿರಿಯರು ತಡವರಿಸುವಾಗ ಸುಮ್ಮನೆ ನೋಡುತ್ತ ಕೂರುವುದೂ ಸರಿಯಲ್ಲ, ಒಡನೆಯೇ ಗುಜರಾತಿ ಪದವನ್ನು ಬಾಯಿಗಿಟ್ಟು ಮುಂದೆ ಸಾಗುವುದೂ ಸರಿಯಲ್ಲ. ಮೊದಲ ಅಕ್ಷರವನ್ನು ಕೊಡುವುದು ಒಳ್ಳೆಯದು. ಅದೇ ಧ್ವನಿಯುಳ್ಳ ಬೇರೆ ಪದ ಕಿವಿಗೆ ಬಿದ್ದರೂ ಮರೆತ ಪದ ಹೊರಬರುವುದುಂಟು ಎಂದು ಲೋರಿ ಜೇಮ್ಸ್ ಮತ್ತು ಬರ್ಕ್ 2000ದಲ್ಲಿ ತೋರಿಸಿದ್ದಾರೆ. ಸಿಕ್ಕ ಪದವನ್ನು ಅವರ ಬಾಯಿಂದಲೇ ಒಮ್ಮೆ ಆಡಿಸಬೇಕು.

ಮಕ್ಕಳ ವಿಷಯ ಬೇರೆ. ಅವರಲ್ಲಿ ಎಷ್ಟೋ ಸಲ ದಾರಿ ಮುಚ್ಚಿಲ್ಲ, ದಾರಿಯೇ ಬಿದ್ದಿಲ್ಲ. ಈಳಿಗೆಮಣೆಯನ್ನು ಎಂದೂ ಕಾಣದ ಮಗುವಿಗೆ ಆ ಪದ ನೆನಪಾಗಲಿಲ್ಲವೆಂದು ಬೇಸರಿಸುವುದರಲ್ಲಿ ಅರ್ಥವಿಲ್ಲ.

ಕಾಯಿಲೆ ಯಾವುದು, ಕಾಯಿಲೆಯಲ್ಲದ್ದು ಯಾವುದು

ನಮ್ಮ ಬಳಗದ ಒಬ್ಬರ ತಾಯಿ ಗದಗಿನ ಕಡೆಯವರು, ಎಪ್ಪತ್ತು ದಾಟಿದ ಮೇಲೆ ಮಗನ ಜೊತೆ ಇಲ್ಲಿಗೆ ಬಂದವರು. ಮರೆವು ಹೆಚ್ಚಿದೆಯೆಂದು ಆಸ್ಪತ್ರೆಯೊಂದಕ್ಕೆ ಕರೆದೊಯ್ದಾಗ, ಒಂದು ನಿಮಿಷದಲ್ಲಿ ನೆನಪಾದಷ್ಟು ಪ್ರಾಣಿಗಳ ಹೆಸರು ಹೇಳುವಂತೆ ಹಿಂದಿಯಲ್ಲಿ ಕೇಳಿದರು. ಅವರು ನಾಲ್ಕೈದು ಹೇಳಿ ನಿಂತರು. ಚೀಟಿಯಲ್ಲಿ ಅದು ಹಾಗೆಯೇ ದಾಖಲಾಯಿತು. ಮನೆಗೆ ಬಂದು ಸೊಸೆ ಅದನ್ನೇ ಕನ್ನಡದಲ್ಲಿ ಕೇಳಿದಾಗ ಆಕಳು, ಎಮ್ಮೆ, ಹೋರಿ, ಕುರಿ, ಆಡು, ಕತ್ತೆ, ನರಿ, ತೋಳ ಎಂದು ಒಂದೇ ಉಸಿರಿಗೆ ಹದಿನೈದಕ್ಕೂ ಹೆಚ್ಚು ಹೇಳಿದರಂತೆ. ಇದರಿಂದ ಅವರಿಗೆ ಏನೂ ಆಗಿಲ್ಲವೆಂದು ನಿರ್ಧರಿಸಲಾಗದು. ಆದರೆ ಆ ಚೀಟಿ ಅಳೆದದ್ದು ಮರೆವನ್ನಲ್ಲ, ಹಿಂದಿಯನ್ನು.

ಈ ತೊಂದರೆ ವೈದ್ಯಲೋಕಕ್ಕೆ ತಿಳಿಯದ್ದೇನಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಮರೆವಿನ ಕಾಯಿಲೆಯ ತಪಾಸಣೆಗಾಗಿ ಹಿಂದಿ, ಬಂಗಾಳಿ, ತೆಲುಗು, ಕನ್ನಡ, ಮಲಯಾಳಂ ಎಂಬ ಐದು ಭಾಷೆಗಳಲ್ಲಿ ಪರೀಕ್ಷಾ ಸಾಮಗ್ರಿಯನ್ನು ರೂಪಿಸಿದ್ದು, ಅದರ ವಿವರ 2020ರಲ್ಲಿ ಪ್ರಕಟವಾಯಿತು. ಆದ್ದರಿಂದ ಕನ್ನಡದಲ್ಲಿ ಪರೀಕ್ಷೆ ಬೇಕೆಂದು ಕೇಳುವುದು ಅತಿಯಾದ ಬೇಡಿಕೆಯಲ್ಲ. ಬೆಂಗಳೂರಿನ ನಿಮ್ಹಾನ್ಸ್ ಮತ್ತು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗಳು ಕನ್ನಡ ನಾಡಿನಲ್ಲಿ ಈ ಕ್ಷೇತ್ರದ ಪ್ರಮುಖ ಕೇಂದ್ರಗಳಾಗಿವೆ. ರಜೆಗೆ ಊರಿಗೆ ಹೋದಾಗ ತೋರಿಸಿಕೊಂಡು ಬರಬಹುದು. ಎರಡು ಭಾಷೆಗಳ ಭಾರವೇ ಮರೆವಿಗೆ ಕಾರಣವೆಂದು ಹೆದರುವವರು ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು 2013ರಲ್ಲಿ ಹೈದರಾಬಾದಿನಿಂದ ಪ್ರಕಟಿಸಿದ ಅಧ್ಯಯನವನ್ನು ಗಮನಿಸಬೇಕು. 648 ರೋಗಿಗಳಲ್ಲಿ, ಒಂದಕ್ಕಿಂತ ಹೆಚ್ಚು ಭಾಷೆ ಆಡುವವರಿಗೆ ಕಾಯಿಲೆ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಓದು ಬರಹ ಬಾರದವರಲ್ಲಿಯೂ ಈ ಅಂತರವಿತ್ತು. ಬೇರೆಡೆಯ ಎಲ್ಲ ಅಧ್ಯಯನಗಳೂ ಇದನ್ನು ಒಪ್ಪಿಲ್ಲ ಎಂಬುದನ್ನೂ ಹೇಳಬೇಕು.

ಪದ ತಡವಾಗಿ ಬರುವುದು, ಆಮೇಲೆ ತಾನಾಗಿ ಬರುವುದು, ಸುಳಿವು ಕೊಟ್ಟರೆ ಬರುವುದು ಸಾಮಾನ್ಯ. ಸುಳಿವು ಕೊಟ್ಟರೂ ಗುರುತು ಹತ್ತದಿದ್ದರೆ, ಲಟ್ಟಣಿಗೆಯನ್ನು ಕೈಯಲ್ಲಿ ಹಿಡಿದೂ ಅದು ಯಾವುದಕ್ಕೆ ಎಂದು ತಿಳಿಯದಿದ್ದರೆ ವೈದ್ಯರನ್ನು ಕಾಣಬೇಕು. ಇನ್ನು ಮಾತು ಹಠಾತ್ತನೆ ತೊದಲಿದರೆ, ಪದಗಳು ಕಲಸಿಹೋದರೆ, ಬಾಯಿ ಒಂದು ಕಡೆ ಸೊಟ್ಟಗಾದರೆ ಅದು ಮಿದುಳಿನ ರಕ್ತಸಂಚಾರದ ಆಘಾತವಿರಬಹುದು. ರಕ್ತದ ಗಡ್ಡೆಯನ್ನು ಕರಗಿಸುವ ಔಷಧಕ್ಕೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಗಳ ಮಿತಿಯಿದೆ. ಕಾದು ನೋಡದೆ 108ಕ್ಕೆ ಕರೆ ಮಾಡಬೇಕು.

ಆಘಾತದ ನಂತರ ಬಹುಭಾಷಿಕರಿಗೆ ಯಾವ ಭಾಷೆ ಮೊದಲು ಮರಳುತ್ತದೆ ಎಂಬ ಪ್ರಶ್ನೆ ಹಳೆಯದು. ಮೊದಲು ಕಲಿತದ್ದು ಹೆಚ್ಚು ಭದ್ರವಾಗಿ ಉಳಿಯುತ್ತದೆ ಎಂದು ಫ್ರಾನ್ಸಿನ ರಿಬೋ 1881ರಲ್ಲಿ ಹೇಳಿದರು. ಆಘಾತಕ್ಕೆ ಮುನ್ನ ಹೆಚ್ಚು ಬಳಸುತ್ತಿದ್ದುದು ಮೊದಲು ಮರಳುತ್ತದೆ ಎಂದು ಪಿತ್ರ್ 1895ರಲ್ಲಿ ಹೇಳಿದರು. ಎರಡಕ್ಕೂ ಉದಾಹರಣೆಗಳಿವೆ, ಎರಡೂ ನಿಯಮವಾಗಿ ನಿಂತಿಲ್ಲ. ಹಾಗಾಗಿ ಮನೆಯ ಹಿರಿಯರ ಆಸ್ಪತ್ರೆಯ ಕಡತದಲ್ಲಿ ಅವರು ಆಡುವ ಭಾಷೆಗಳು ಯಾವುವು, ಮೊದಲು ಕಲಿತದ್ದು ಯಾವುದು, ಈಗ ಹೆಚ್ಚು ಬಳಸುವುದು ಯಾವುದು ಎಂದು ಗುಜರಾತಿಯಲ್ಲೋ ಇಂಗ್ಲಿಷಿನಲ್ಲೋ ಒಂದು ಹಾಳೆಯಲ್ಲಿ ಬರೆದು, ರಕ್ತದ ಗುಂಪಿನ ಚೀಟಿಯ ಜೊತೆಗೆ ಇಟ್ಟಿರುವುದು ಒಳ್ಳೆಯದು. ಅವರೊಡನೆ ಕನ್ನಡ ಬಲ್ಲವರೊಬ್ಬರು ಪರೀಕ್ಷಾ ಕೋಣೆಯೊಳಗೂ ಹೋಗಲು ಅವಕಾಶ ಕೇಳಬಹುದು.